ಆಗಮನ ಕಾಲದ ಮೇಜು: ನಾಲ್ಕು ಭಾನುವಾರಗಳಲ್ಲಿ ಹಂತ ಹಂತವಾಗಿ ಅಲಂಕರಿಸುವ ಬಗೆ

ನವೆಂಬರ್ ತಿಂಗಳ ನಡುವೆ ಓದುಗರಿಂದ ಬರುವ ಪ್ರಶ್ನೆಗಳು ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಊಟದ ಮೇಜಿನ ಮೇಲೆ ಎಷ್ಟು ಮೇಣದಬತ್ತಿಗಳನ್ನು ಇಡಬೇಕು, ನಾಲ್ಕರಲ್ಲಿ ಒಂದು ಮಾತ್ರ ಗುಲಾಬಿ ಬಣ್ಣದ್ದೇಕೆ, ನೇರಳೆ ಮೇಣದಬತ್ತಿ ನಮ್ಮೂರಿನಲ್ಲಿ ಸಿಗದಿದ್ದರೆ ಏನು ಮಾಡಬೇಕು, ಬಾಲಯೇಸುವಿನ ಪ್ರತಿಮೆಯನ್ನು ಯಾವ ದಿನ ಇಡಬೇಕು ಎಂದು ಕೇಳುವವರಲ್ಲಿ ಹೊಸದಾಗಿ ಸಂಸಾರ ಹೂಡಿದ ದಂಪತಿಗಳಿದ್ದಾರೆ, ಮೊಮ್ಮಕ್ಕಳಿಗೆ ಹಬ್ಬದ ಅರ್ಥ ತಿಳಿಸಬಯಸುವ ಅಜ್ಜ ಅಜ್ಜಿಯರಿದ್ದಾರೆ, ಭಾನುವಾರದ ಧರ್ಮೋಪದೇಶ ತರಗತಿ ನಡೆಸುವ ಶಿಕ್ಷಕರೂ ಇದ್ದಾರೆ. ಅವರೆಲ್ಲರಿಗೂ ಒಟ್ಟಿಗೆ ಉತ್ತರವಾಗಲೆಂದು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಹಂತಗಳಿಗೆ ಹೋಗುವ ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಆಗಮನ ಕಾಲದ ಮೇಜು ಕ್ರಿಸ್ಮಸ್ ಮೇಜಲ್ಲ. ಅದು ಕಾಯುವವರ ಮೇಜು. ಮೊದಲ ದಿನವೇ ನಕ್ಷತ್ರ, ಗೋದಲಿ, ಹೂವಿನ ರಾಶಿ, ಬಣ್ಣದ ದೀಪದ ಸರ ಎಲ್ಲವನ್ನೂ ಜೋಡಿಸಿಬಿಟ್ಟರೆ ಡಿಸೆಂಬರ್ 24ರ ರಾತ್ರಿ ಆ ಮೇಜಿನ ಬಳಿ ಹೊಸದಾಗಿ ನಡೆಯಬೇಕಾದದ್ದು ಏನೂ ಉಳಿದಿರುವುದಿಲ್ಲ. ರೋಮನ್ ಪೂಜಾವಿಧಿಯ ನಿಯಮಗಳೂ ಆಗಮನ ಕಾಲದಲ್ಲಿ ಬಲಿಪೀಠದ ಹೂವಿನ ಅಲಂಕಾರ ಮಿತವಾಗಿರಬೇಕು, ಕ್ರಿಸ್ತಜಯಂತಿಯ ಪೂರ್ಣ ಸಂಭ್ರಮವನ್ನು ಮುಂಚಿತವಾಗಿ ತೋರಿಸಬಾರದು ಎಂದೇ ಹೇಳುತ್ತವೆ. ನಿಯಮ ಬಲಿಪೀಠಕ್ಕೆ ಸಂಬಂಧಿಸಿದ್ದಾದರೂ ಮನೆಯ ಮೇಜಿಗೆ ಅದಕ್ಕಿಂತ ಒಳ್ಳೆಯ ಸೂತ್ರ ನನಗೆ ತಿಳಿದಿಲ್ಲ.

ಕೆಲವು ಪದಗಳು

ಆಗಮನ ಕಾಲ ಅಥವಾ ಅಡ್ವೆಂಟ್ ಎಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಸಿದ್ಧತೆಯ ಕಾಲ. ಧರ್ಮಸಭೆಯ ಪೂಜಾ ವರ್ಷ ಆರಂಭವಾಗುವುದೂ ಇದರಿಂದಲೇ. ಅಡ್ವೆಂಟ್ ರೀತ್ ಎಂದರೆ ಹಸಿರೆಲೆಗಳ ಚಕ್ರದಲ್ಲಿ ನಾಲ್ಕು ಮೇಣದಬತ್ತಿಗಳನ್ನು ನಿಲ್ಲಿಸಿದ ಅಲಂಕಾರ. ಈ ಲೇಖನದಲ್ಲಿ ಅದನ್ನು ಹಸಿರು ಚಕ್ರ ಎಂದೇ ಕರೆಯುತ್ತೇನೆ. ಗೋದಲಿ ಎಂಬುದು ಯೇಸುವಿನ ಜನನದ ದೃಶ್ಯವನ್ನು ತೋರಿಸುವ ಕೊಟ್ಟಿಗೆಯ ಮಾದರಿ. ಬೆಂಗಳೂರಿನ ಕಡೆ ಕ್ರಿಬ್ ಎನ್ನುವುದು ಹೆಚ್ಚು ಬಳಕೆಯಲ್ಲಿದೆ.

ಹಸಿರು ಚಕ್ರದ ಇತಿಹಾಸ ತೀರಾ ಹಳೆಯದಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಬಡ ಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದ ಲೂಥರನ್ ಪಾದ್ರಿ ಯೋಹಾನ್ ಹಿನ್‌ರಿಶ್ ವಿಖರ್ನ್ 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗಾಗಿ ನಾಲ್ಕು ದೊಡ್ಡ ಬಿಳಿ ಮೇಣದಬತ್ತಿಗಳನ್ನೂ ವಾರದ ಉಳಿದ ದಿನಗಳಿಗಾಗಿ ಚಿಕ್ಕ ಕೆಂಪು ಮೇಣದಬತ್ತಿಗಳನ್ನೂ ನಿಲ್ಲಿಸಿದರು. ಕ್ರಿಸ್ಮಸ್ ಎಂದು ಬರುತ್ತದೆ ಎಂದು ದಿನವೂ ಕೇಳುತ್ತಿದ್ದ ಮಕ್ಕಳು ತಾವೇ ದಿನ ಎಣಿಸಲೆಂದು ಮಾಡಿದ ಉಪಾಯವದು. ಮುಂದೆ ಚಿಕ್ಕ ಮೇಣದಬತ್ತಿಗಳು ಬಿಟ್ಟುಹೋಗಿ ನಾಲ್ಕು ಮಾತ್ರ ಉಳಿದವು, ಇಪ್ಪತ್ತನೆಯ ಶತಮಾನದಲ್ಲಿ ಕಥೋಲಿಕ ದೇವಾಲಯಗಳೂ ಅದನ್ನು ಸ್ವೀಕರಿಸಿದವು. ಇದನ್ನು ಇಲ್ಲಿ ಹೇಳಲು ಕಾರಣವಿದೆ: ಪೈನ್ ಎಲೆಯೇ ಆಗಬೇಕು, ಇಂಥದೇ ಬಣ್ಣವಾಗಬೇಕು ಎಂಬ ಕಟ್ಟುಪಾಡು ಈ ಪದ್ಧತಿಗೆ ಹುಟ್ಟಿನಿಂದಲೇ ಇಲ್ಲ. ಆ ಪಾದ್ರಿ ಕೈಗೆ ಸಿಕ್ಕಿದ ಚಕ್ರವನ್ನು ಬಳಸಿದರು. ನೀವೂ ನಿಮ್ಮ ಮನೆಯಲ್ಲಿರುವುದನ್ನು ಸಂಕೋಚವಿಲ್ಲದೆ ಬಳಸಬಹುದು.

ಬೇಕಾಗುವ ವಸ್ತುಗಳು

• ನೇರಳೆ ಬಣ್ಣದ ಹತ್ತಿ ಬಟ್ಟೆ, ಮತ್ತು ಹಬ್ಬದ ದಿನಕ್ಕೆ ಒಂದು ಬಿಳಿ ಬಟ್ಟೆ
• ಅಂಚು ಎತ್ತರವಿರುವ, ಸುಮಾರು 12 ಅಂಗುಲ ಅಗಲದ ಸ್ಟೀಲ್ ಅಥವಾ ಹಿತ್ತಾಳೆಯ ತಟ್ಟೆ
• ತಟ್ಟೆ ತುಂಬುವಷ್ಟು ತೊಳೆದ ಮರಳು
• ಮೂರು ನೇರಳೆ, ಒಂದು ಗುಲಾಬಿ, ಒಂದು ಬಿಳಿ ಮೇಣದಬತ್ತಿ
• ಮೇಣದಬತ್ತಿ ನಿಲ್ಲಿಸಲು ಐದು ಚಿಕ್ಕ ಸ್ಟೀಲ್ ಬಟ್ಟಲು ಅಥವಾ ಮಣ್ಣಿನ ಕುಡಿಕೆ
• ಹಸಿರು ಸೊಪ್ಪು
• ಬೈಬಲ್, ಅದನ್ನು ತೆರೆದಿಡಲು ಪುಸ್ತಕದ ಸ್ಟ್ಯಾಂಡ್
• ಒಂದು ಹಿಡಿ ರಾಗಿ ಅಥವಾ ಭತ್ತ, ಎರಡು ಮೂರು ತೆಂಗಿನ ಕರಟ

1. ದಿನಾಂಕ ಗೊತ್ತುಮಾಡಿಕೊಳ್ಳಿ

ಆಗಮನ ಕಾಲ ಡಿಸೆಂಬರ್ 1ಕ್ಕೆ ಆರಂಭವಾಗುತ್ತದೆಂದು ಹಲವರು ತಿಳಿದಿದ್ದಾರೆ. ಅಂಗಡಿಗಳಲ್ಲಿ ಸಿಗುವ 24 ಕಿಟಕಿಗಳ ಅಡ್ವೆಂಟ್ ಕ್ಯಾಲೆಂಡರ್‌ಗಳಿಂದ ಬಂದ ತಿಳಿವಳಿಕೆ ಇದು. ವಾಸ್ತವದಲ್ಲಿ ನವೆಂಬರ್ 30ರ ಸಂತ ಅಂದ್ರೆಯರ ಹಬ್ಬಕ್ಕೆ ಅತ್ಯಂತ ಸಮೀಪವಾದ ಭಾನುವಾರವೇ ಅದರ ಮೊದಲ ದಿನ. ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರವರೆಗೆ ಯಾವ ದಿನವಾದರೂ ಆಗಬಹುದು. 2026ರಲ್ಲಿ ಅದು ನವೆಂಬರ್ 29, 2027ರಲ್ಲಿ ನವೆಂಬರ್ 28. 2028ರಲ್ಲಿ ಡಿಸೆಂಬರ್ 3ಕ್ಕೆ ಆರಂಭವಾಗುವುದರಿಂದ ನಾಲ್ಕನೆಯ ಭಾನುವಾರವೂ ಕ್ರಿಸ್ಮಸ್ ಹಿಂದಿನ ರಾತ್ರಿಯೂ ಒಂದೇ ದಿನ ಬೀಳುತ್ತವೆ. ಅಂಥ ವರ್ಷ ಕೊನೆಯ ಹಂತಗಳ ಸಿದ್ಧತೆಯನ್ನು ಮೂರನೆಯ ವಾರದಲ್ಲೇ ಮುಗಿಸಿಕೊಳ್ಳಬೇಕಾಗುತ್ತದೆ.

ಬೆಳ್ತಂಗಡಿ ಮೊದಲಾದ ಕಡೆಗಳಲ್ಲಿರುವ ಕೇರಳ ಮೂಲದ ಸಿರೋ ಮಲಬಾರ್ ಕಥೋಲಿಕ ಕುಟುಂಬಗಳಿಗೆ ತಮ್ಮದೇ ಆದ ಪೂಜಾ ಪಂಚಾಂಗವಿದೆ, ಡಿಸೆಂಬರ್ 1ರಿಂದ ಆರಂಭವಾಗುವ 25 ದಿನಗಳ ವ್ರತವಿದೆ. ಅವರು ಆ ಲೆಕ್ಕವನ್ನೇ ಅನುಸರಿಸುವುದು ಸರಿ; ಕೆಳಗಿನ ಹಂತಗಳಲ್ಲಿ ದಿನಾಂಕಗಳನ್ನಷ್ಟೇ ಹೊಂದಿಸಿಕೊಂಡರೆ ಸಾಕು.

2. ಯಾವ ಮೇಜು, ಎಷ್ಟು ಜಾಗ

ಮನೆಯಲ್ಲಿ ಪ್ರಾರ್ಥನೆಗೆಂದು ಪ್ರತ್ಯೇಕ ಮೂಲೆಯಿದ್ದರೂ ಹಸಿರು ಚಕ್ರಕ್ಕೆ ಊಟದ ಮೇಜೇ ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ. ದಿನಕ್ಕೊಮ್ಮೆಯಾದರೂ ಮನೆಯವರೆಲ್ಲ ಒಟ್ಟಿಗೆ ಕೂರುವ ಸ್ಥಳ ಅದೇ. ಆದರೆ ಊಟದ ಮೇಜಿನಲ್ಲಿ ಸಾರಿನ ಪಾತ್ರೆಗೂ ಜಾಗ ಬೇಕು. ಆರು ಜನರ ಮೇಜು ಸಾಮಾನ್ಯವಾಗಿ 5 ಅಡಿ ಉದ್ದ, 3 ಅಡಿ ಅಗಲ ಇರುತ್ತದೆ. ಅದರಲ್ಲಿ ಚಕ್ರದ ಅಗಲ ಮೇಜಿನ ಅಗಲದ ಮೂರನೆಯ ಒಂದು ಭಾಗವನ್ನು, ಅಂದರೆ 12 ಅಂಗುಲವನ್ನು ಮೀರದಿರಲಿ. ಎತ್ತರವನ್ನೂ ಗಮನಿಸಿ. ಎದುರುಬದುರು ಕುಳಿತವರ ಮುಖ ಕಾಣದಂತೆ ಅಲಂಕಾರ ಅಡ್ಡ ಬಂದರೆ ಎರಡನೆಯ ದಿನವೇ ಯಾರಾದರೂ ಅದನ್ನು ಎತ್ತಿ ಪಕ್ಕಕ್ಕಿಡುತ್ತಾರೆ.

ಜಾಗ ಆರಿಸುವಾಗ ಛಾವಣಿಯ ಫ್ಯಾನ್ ಎಲ್ಲಿದೆ ನೋಡಿ. ನಮ್ಮ ಮನೆಗಳಲ್ಲಿ ಊಟದ ಮೇಜು ಬಹುತೇಕ ಫ್ಯಾನಿನ ನೇರ ಕೆಳಗೇ ಇರುತ್ತದೆ. ಫ್ಯಾನ್ ತಿರುಗುತ್ತಿರುವಾಗ ಹಚ್ಚಿದ ಮೇಣದಬತ್ತಿ ಒಂದೇ ಪಕ್ಕಕ್ಕೆ ಕರಗಿ ಸುರಿಯುತ್ತದೆ, ಜ್ವಾಲೆ ಸೊಪ್ಪಿನ ಕಡೆ ಬಾಗುತ್ತದೆ. ಪ್ರಾರ್ಥನೆಯ ಹೊತ್ತಿಗೆ ಫ್ಯಾನ್ ನಿಲ್ಲಿಸುವುದನ್ನು ಮನೆಯ ನಿಯಮವಾಗಿಯೇ ಮಾಡಿಕೊಳ್ಳಿ. ಕಿಟಕಿಯ ಪರದೆ ಹಾರಿ ತಾಗುವಷ್ಟು ಹತ್ತಿರವೂ ಮೇಜು ಬೇಡ.

3. ಬಟ್ಟೆ ಹಾಸುವುದು

ನೇರಳೆ ಬಣ್ಣ ಪಶ್ಚಾತ್ತಾಪವನ್ನೂ ರಾಜತ್ವವನ್ನೂ ಒಟ್ಟಿಗೆ ಸೂಚಿಸುತ್ತದೆ. ಬರುವವನು ಅರಸ, ಅವನನ್ನು ಎದುರುಗೊಳ್ಳುವವರು ತಮ್ಮನ್ನು ತಿದ್ದಿಕೊಂಡು ಕಾಯುತ್ತಾರೆ ಎಂಬುದು ಇದರ ಭಾವ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲೂ ಇದೇ ಬಣ್ಣ ಬಳಕೆಯಾಗುವುದರಿಂದ, ಆಗಮನ ಕಾಲಕ್ಕೆ ತುಸು ನೀಲಿಯ ಕಡೆ ವಾಲಿದ ನೇರಳೆಯನ್ನೂ ತಪಸ್ಸು ಕಾಲಕ್ಕೆ ಕೆಂಪಿನ ಕಡೆ ವಾಲಿದ್ದನ್ನೂ ಆರಿಸುವ ರೂಢಿ ಕೆಲವೆಡೆ ಇದೆ. ಕೆಲವು ಪ್ರಾಟೆಸ್ಟೆಂಟ್ ಸಭೆಗಳು ನೇರಳೆಯ ಬದಲು ನೀಲಿಯನ್ನೇ ಬಳಸುತ್ತವೆ. ನಿಮ್ಮ ಚರ್ಚಿನಲ್ಲಿ ಯಾವುದು ನಡೆಯುತ್ತದೋ ಮನೆಯಲ್ಲೂ ಅದೇ ಇರಲಿ. ಮಕ್ಕಳು ಅಲ್ಲಿ ಕಂಡದ್ದನ್ನು ಇಲ್ಲಿ ಗುರುತಿಸಬೇಕು.

ಇಡೀ ಮೇಜನ್ನು ಮುಚ್ಚಬೇಕಿಲ್ಲ. ನಡುವೆ ಉದ್ದಕ್ಕೆ ಹಾಸುವ, 12ರಿಂದ 14 ಅಂಗುಲ ಅಗಲದ ಒಂದು ಪಟ್ಟಿ ಸಾಕು. ಎರಡೂ ತುದಿಗಳಲ್ಲಿ ಒಂದು ಗೇಣಿನಷ್ಟು ಇಳಿಬಿದ್ದರೆ ಚೆನ್ನಾಗಿ ಕಾಣುತ್ತದೆ. ಹಳೆಯ ನೇರಳೆ ಹತ್ತಿ ಸೀರೆಯೊಂದಿದ್ದರೆ ಅದರಿಂದ ಇಂಥ ಪಟ್ಟಿಗಳು ಮೂರು ನಾಲ್ಕು ಆಗುತ್ತವೆ, ಅಜ್ಜಿಯ ಸೀರೆಯೆಂದು ಮಕ್ಕಳಿಗೆ ಹೇಳಲೂಬಹುದು. ನೈಲಾನ್, ಸ್ಯಾಟಿನ್, ಪಾಲಿಯೆಸ್ಟರ್ ಬೇಡ. ಹೊಳಪು ಚೆನ್ನಾಗಿದ್ದರೂ ಕಿಡಿ ಬಿದ್ದರೆ ಅವು ಕರಗಿ ಮೇಜಿಗೂ ಚರ್ಮಕ್ಕೂ ಅಂಟಿಕೊಳ್ಳುತ್ತವೆ.

4. ಹಸಿರು ಚಕ್ರ ಕಟ್ಟುವುದು

ಚಕ್ರಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಅದು ದೇವರ ಅನಂತತೆಯ ಗುರುತು. ಬಾಡದ ಹಸಿರು ಜೀವದ ಗುರುತು. ಈ ಎರಡೇ ಅರ್ಥಗಳು ಸ್ಪಷ್ಟವಾಗಿ ಕಂಡರೆ ಚಕ್ರ ತನ್ನ ಕೆಲಸ ಮಾಡಿತು. ಹಾಲಿ ಎಂಬ ಗಿಡದ ಪ್ಲಾಸ್ಟಿಕ್ ಹಣ್ಣು, ಹತ್ತಿಯ ಹಿಮ, ಬಂಗಾರದ ಬಣ್ಣ ಬಳಿದ ಗಂಟೆ ಇವೆಲ್ಲ ಅರ್ಥಕ್ಕೆ ಏನನ್ನೂ ಸೇರಿಸುವುದಿಲ್ಲ. ಯುರೋಪಿನವರು ಚಳಿಗಾಲದಲ್ಲಿ ಎಲೆ ಉದುರಿಸದ ಮರಗಳನ್ನು ಆರಿಸಿಕೊಂಡದ್ದು ಅವು ಅವರ ಅಂಗಳದಲ್ಲಿದ್ದವು ಎಂಬ ಕಾರಣಕ್ಕೆ. ನಮ್ಮ ಅಂಗಳದಲ್ಲಿ ವರ್ಷವಿಡೀ ಹಸಿರಾಗಿರುವುದಕ್ಕೇನೂ ಬರವಿಲ್ಲ.

ಮಲೆನಾಡು, ಕೊಡಗಿನವರಿಗೆ ಕಾಫಿಯ ಎಲೆ, ಸಿಲ್ವರ್ ಓಕ್ ಎಲೆ ಸುಲಭವಾಗಿ ಸಿಗುತ್ತವೆ. ಅದರಲ್ಲೂ ಕಾಫಿಯ ಎಲೆ ದಪ್ಪವಾಗಿ, ಹೊಳಪಾಗಿ, ಚೆನ್ನಾಗಿ ಬಾಳುತ್ತದೆ. ಕರಾವಳಿಯವರು ಗಾಳಿಮರದ ಸೊಪ್ಪನ್ನು ಬಳಸುವುದುಂಟು. ನೋಡಲು ಪೈನ್ ಹಾಗೆಯೇ ಇರುತ್ತದೆ, ಆದರೆ ಒಣಗಿದರೆ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ನಾಲ್ಕೈದು ದಿನಕ್ಕೊಮ್ಮೆ ಬದಲಿಸಲೇಬೇಕು. ಬೆಂಗಳೂರು, ಮೈಸೂರಿನ ನರ್ಸರಿಗಳಲ್ಲಿ ಥೂಜಾ, ಸೈಪ್ರಸ್ ಗಿಡಗಳು ಸಿಗುತ್ತವೆ; ಒಂದು ಗಿಡವನ್ನೇ ಕೊಂಡು ಕುಂಡದಲ್ಲಿ ಸಾಕಿದರೆ ಪ್ರತಿ ವರ್ಷ ನಾಲ್ಕಾರು ರೆಂಬೆ ಕತ್ತರಿಸಿಕೊಳ್ಳಬಹುದು. ಮಾವಿನ ಎಲೆ ತೋರಣಕ್ಕೆ ಚೆನ್ನ, ಆದರೆ ಈ ಚಕ್ರದಲ್ಲಿ ಅದು ಬೇಗನೆ ಒಣಗಿ ಸುರುಳಿಯಾಗುತ್ತದೆ. ಕಣಗಿಲೆಯನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ. ಅದರ ಎಲೆ, ಹೂವು, ಹಾಲು ಎಲ್ಲವೂ ವಿಷ. ಊಟದ ಮೇಜಿನ ಬಳಿಯೂ ಮಕ್ಕಳ ಕೈಗೂ ಅದು ಬರಕೂಡದು.

ಕಟ್ಟುವ ಕ್ರಮ ಹೀಗಿದೆ. ತಟ್ಟೆಯ ನಡುವೆ ಒಂದು ಬಟ್ಟಲನ್ನೂ, ಸುತ್ತಲೂ ಸಮ ಅಂತರದಲ್ಲಿ ನಾಲ್ಕು ಬಟ್ಟಲುಗಳನ್ನೂ ಇಡಿ. ಬಟ್ಟಲುಗಳ ಒಳಗೂ ಹೊರಗೂ ಮರಳು ತುಂಬಿ ಒತ್ತಿ. ಹೊರಗಿನ ಮರಳಿಗೆ ನೀರು ಚಿಮುಕಿಸಿ, ಒಳಗಿನದು ಒಣಗಿಯೇ ಇರಲಿ. ಬೆರಳುದ್ದಕ್ಕೆ ಕತ್ತರಿಸಿದ ರೆಂಬೆಗಳನ್ನು ಒದ್ದೆ ಮರಳಿಗೆ ಓರೆಯಾಗಿ, ಎಲ್ಲವೂ ಒಂದೇ ದಿಕ್ಕಿಗೆ ಬಾಗುವಂತೆ ಚುಚ್ಚುತ್ತ ಹೋದರೆ ತಟ್ಟೆಯ ಅಂಚು ಮುಚ್ಚಿಹೋಗಿ ಚಕ್ರದ ಆಕಾರ ತಾನಾಗಿ ಬರುತ್ತದೆ. ಒದ್ದೆ ಮರಳಿನಿಂದ ಸೊಪ್ಪು ಹೆಚ್ಚು ದಿನ ಹಸಿಯಾಗಿರುತ್ತದೆ, ಮೇಣದಬತ್ತಿ ಉರುಳಿದರೂ ಬೆಂಕಿ ಹಬ್ಬುವ ಭಯ ಕಡಿಮೆ. ಹುಲ್ಲಿನ ಸಿಂಬೆ, ಥರ್ಮಕೋಲಿನ ಬಳೆ, ರಟ್ಟು ಇವುಗಳ ಮೇಲೆ ಚಕ್ರ ಕಟ್ಟುವ ವಿಧಾನವನ್ನು ಹಲವರು ಹೇಳಿಕೊಡುತ್ತಾರೆ. ಬೆಂಕಿ ಹಚ್ಚುವ ಚಕ್ರಕ್ಕೆ ಅವು ಮೂರೂ ಅಪಾಯ.

ಒಳನಾಡಿನ ಒಣ ಹವೆಯಲ್ಲಿ, ಮುಖ್ಯವಾಗಿ ಕಲಬುರಗಿ, ವಿಜಯಪುರದ ಕಡೆ, ಸೊಪ್ಪು ಕರಾವಳಿಗಿಂತ ಬೇಗ ಒಣಗುತ್ತದೆ. ದಿನಕ್ಕೊಮ್ಮೆ ನೀರು ಚಿಮುಕಿಸಿ, ಪ್ರತಿ ಶನಿವಾರ ಸಂಜೆ ಎಲೆಯನ್ನು ಮಡಚಿ ನೋಡಿ. ಮುರಿಯುವ ಬದಲು ಬಾಗಿದರೆ ಇನ್ನೊಂದು ವಾರ ಬಾಳುತ್ತದೆ.

5. ಮೇಣದಬತ್ತಿಗಳನ್ನು ಆರಿಸುವುದು

ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಬಣ್ಣದ್ದು ಮೂರನೆಯ ಭಾನುವಾರಕ್ಕೆ ಸೇರಿದ್ದು. ಕಾಯುವ ಕಾಲದ ಅರ್ಧ ದಾರಿ ದಾಟಿದ ಆ ದಿನವನ್ನು ಸಂತೋಷದ ಭಾನುವಾರವೆಂದು ಕರೆಯುತ್ತಾರೆ, ಗುರುಗಳು ಆ ದಿನ ಗುಲಾಬಿ ಬಣ್ಣದ ಪೂಜಾ ವಸ್ತ್ರ ಧರಿಸಲು ಅವಕಾಶವಿದೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ನಾಲ್ಕು ಮೇಣದಬತ್ತಿಗಳಿಗೆ ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ ಎಂದು ಹೆಸರಿಡುವುದು ಹೆಚ್ಚು ರೂಢಿ. ಪ್ರವಾದಿಗಳು, ಬೇತ್ಲೆಹೇಮ್, ಕುರುಬರು, ದೇವದೂತರು ಎಂಬ ಇನ್ನೊಂದು ಸರಣಿಯೂ ಇದೆ. ಯಾವುದನ್ನಾದರೂ ಅನುಸರಿಸಿ, ಎರಡನ್ನೂ ಬೆರೆಸಬೇಡಿ. ನಡುವಿನ ಬಿಳಿ ಮೇಣದಬತ್ತಿ ಕ್ರಿಸ್ತನದು. ಅದನ್ನು ಡಿಸೆಂಬರ್ 24ರ ರಾತ್ರಿಯವರೆಗೆ ಹಚ್ಚುವಂತಿಲ್ಲ.

ಬೆಂಗಳೂರಿನಲ್ಲಿ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದ ಸುತ್ತಲಿನ ಅಂಗಡಿಗಳಲ್ಲೂ, ಮಂಗಳೂರಿನಲ್ಲಿ ಧಾರ್ಮಿಕ ವಸ್ತುಗಳನ್ನು ಮಾರುವ ಅಂಗಡಿಗಳಲ್ಲೂ ವಿಚಾರಿಸಿ. ಸಿಗದಿದ್ದರೆ ನಾಲ್ಕೂ ಬಿಳಿಯದನ್ನೇ ತಂದು, ಪ್ರತಿಯೊಂದರ ಬುಡದ ಬಟ್ಟಲಿಗೆ ನೇರಳೆ ಅಥವಾ ಗುಲಾಬಿ ರಿಬ್ಬನ್ ಕಟ್ಟಿ. ರಿಬ್ಬನ್ನನ್ನು ಮೇಣದಬತ್ತಿಗೇ ಕಟ್ಟಿದರೆ ಅದು ಉರಿದು ಇಳಿದಂತೆ ರಿಬ್ಬನ್ ಜ್ವಾಲೆಗೆ ಸಿಕ್ಕುತ್ತದೆ. ಹಣತೆಯನ್ನು ಬಳಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ನಿಸ್ಸಂದೇಹವಾಗಿ ಹೌದು. 1969ರಲ್ಲಿ ರೋಮ್ ಭಾರತದ ಕಥೋಲಿಕ ಧರ್ಮಸಭೆಗೆ ಪೂಜಾವಿಧಿಯಲ್ಲಿ ಅನುಮತಿಸಿದ 12 ಅಂಶಗಳಲ್ಲಿ ಮೇಣದಬತ್ತಿಯ ಬದಲು ಎಣ್ಣೆದೀಪ ಬಳಸುವುದೂ ಒಂದು. ದೇವಾಲಯದಲ್ಲೇ ಒಪ್ಪಿತವಾದದ್ದು ಮನೆಯ ಮೇಜಿಗೆ ಒಪ್ಪದಿರಲು ಕಾರಣವಿಲ್ಲ. ನಾಲ್ಕು ಹಣತೆಗಳ ಹೊರಮೈಗೆ ಬಣ್ಣ ಬಳಿದರೆ ಸಾಕು.

ಗಾತ್ರದ ವಿಷಯದಲ್ಲಿ ಬಹಳಷ್ಟು ಜನ ಎಡವುತ್ತಾರೆ. ಮೊದಲ ಭಾನುವಾರದ ಮೇಣದಬತ್ತಿ ನಾಲ್ಕೂ ವಾರ ಉರಿಯಬೇಕು. ದಿನಕ್ಕೆ 20 ನಿಮಿಷವೆಂದರೂ ಒಟ್ಟು ಎಂಟೊಂಬತ್ತು ಗಂಟೆಯಾಗುತ್ತದೆ. ಬೆರಳಿನಷ್ಟು ದಪ್ಪದ ಮಾಮೂಲಿ ಮೇಣದಬತ್ತಿ ಗಂಟೆಗೆ ಸುಮಾರು ಒಂದು ಅಂಗುಲ ಉರಿದುಹೋಗುವುದರಿಂದ 6 ಅಂಗುಲದ್ದು ಮೂರನೆಯ ವಾರ ಮುಗಿಯುವ ಮೊದಲೇ ತೀರುತ್ತದೆ. ಕನಿಷ್ಠ 2 ಅಂಗುಲ ದಪ್ಪದ್ದನ್ನು ತನ್ನಿ, ಅಥವಾ ಭಾನುವಾರಗಳಂದು ಮಾತ್ರ ಹಚ್ಚಿ. ನಾಲ್ಕನೆಯ ವಾರದಲ್ಲಿ ಮೊದಲನೆಯದು ಗಿಡ್ಡವಾಗಿ, ಕೊನೆಯದು ಉದ್ದವಾಗಿ, ನಾಲ್ಕೂ ಮೆಟ್ಟಿಲಿನಂತೆ ಕಾಣುತ್ತವೆ. ಅದನ್ನು ಸರಿಪಡಿಸಲು ಹೊಸದನ್ನು ತರಬೇಡಿ. ಕಾದ ವಾರಗಳು ಕಣ್ಣಿಗೆ ಕಾಣುವುದು ಅಲ್ಲಿಯೇ.

ಮೇಣದಬತ್ತಿಗಳ ನಡುವೆ ಕನಿಷ್ಠ 3 ಅಂಗುಲ ಅಂತರವಿರಲಿ, ಬಟ್ಟಲಿನ ಬಾಯಿ ಸೊಪ್ಪಿಗಿಂತ ಮೇಲಿರಲಿ, ಜ್ವಾಲೆ ಸೊಪ್ಪಿನಿಂದ 2 ಅಂಗುಲದಷ್ಟು ಸಮೀಪಕ್ಕೆ ಇಳಿಯುವ ಮೊದಲೇ ಮೇಣದಬತ್ತಿಯನ್ನು ಬದಲಿಸಿ. ಹಚ್ಚುವವರು ಸೀರೆಯ ಸೆರಗು, ದುಪಟ್ಟಾ, ಬಿಚ್ಚಿದ ಕೂದಲನ್ನು ಹಿಂದಕ್ಕೆ ಕಟ್ಟಿಕೊಳ್ಳಬೇಕು. ಉರಿಯುವ ಚಕ್ರವನ್ನು ಬಿಟ್ಟು ಎಲ್ಲರೂ ಕೋಣೆಯಿಂದ ಹೊರಹೋಗಬಾರದು. ಪುಟ್ಟ ಮಕ್ಕಳಿರುವ ಮನೆಗಳಲ್ಲಿಯೂ, ಬೆಂಕಿ ಹಚ್ಚಲು ಅನುಮತಿಯಿಲ್ಲದ ಹಾಸ್ಟೆಲ್ ಅಥವಾ ಹೊರದೇಶದ ಬಾಡಿಗೆ ಮನೆಗಳಲ್ಲಿಯೂ ಬ್ಯಾಟರಿಯ ಮೇಣದಬತ್ತಿ ಬಳಸುವುದರಲ್ಲಿ ಯಾವ ಕೊರತೆಯೂ ಇಲ್ಲ.

6. ವಾರದಿಂದ ವಾರಕ್ಕೆ ಸೇರಿಸುವುದು

ಮೇಜಿನ ಮೇಲೆ ಮೊದಲ ವಾರ ಇರಬೇಕಾದದ್ದು ಬಟ್ಟೆ, ಚಕ್ರ, ತೆರೆದ ಬೈಬಲ್ ಇಷ್ಟೇ. ಖಾಲಿ ಜಾಗ ಕಂಡಾಗ ತುಂಬಬೇಕೆಂಬ ಆಸೆ ಬರುತ್ತದೆ, ತಡೆದುಕೊಳ್ಳಿ.

ಮೊದಲ ಭಾನುವಾರ ರಾತ್ರಿಯೂಟಕ್ಕೆ ಮುಂಚೆ ಒಂದು ನೇರಳೆ ಮೇಣದಬತ್ತಿ ಹಚ್ಚಿ, ಕತ್ತಲಲ್ಲಿ ನಡೆಯುವ ಜನರು ದೊಡ್ಡ ಬೆಳಕನ್ನು ಕಂಡ ಮಾತಿರುವ ಯೆಶಾಯ 9:2ನ್ನು ಓದಿ. ಹಸಿರು ಚಕ್ರವನ್ನು ಆಶೀರ್ವದಿಸುವ ಪ್ರಾರ್ಥನೆಯನ್ನು ಮನೆಯ ಹಿರಿಯರೇ ಹೇಳಬಹುದು, ಅದಕ್ಕೆ ಗುರುಗಳೇ ಬರಬೇಕೆಂದಿಲ್ಲ. ಕೋಣೆಯ ವಿದ್ಯುತ್ ದೀಪ ಆರಿಸಿಯೇ ಹಚ್ಚಿ. ಟ್ಯೂಬ್‌ಲೈಟಿನ ಕೆಳಗೆ ಒಂದು ಮೇಣದಬತ್ತಿಯ ಬೆಳಕು ಯಾರಿಗೂ ಕಾಣುವುದಿಲ್ಲ.

ಎರಡನೆಯ ಭಾನುವಾರ ಎರಡು ಹಚ್ಚಿ. ಮಾರ್ಗವನ್ನು ಸಿದ್ಧಮಾಡಿರಿ ಎಂಬ ಕರೆಯ ಯೆಶಾಯ 40:3 ಈ ವಾರದ ಓದು, ಸ್ನಾನಿಕ ಯೊವಾನ್ನರ ನೆನಪಿನ ವಾರವೂ ಹೌದು. ಮೇಜಿನ ಒಂದು ತುದಿಯಿಂದ ಚಕ್ರದ ಕಡೆಗೆ ಮರಳಿನಿಂದಲೋ ಸಣ್ಣ ಕಲ್ಲುಗಳಿಂದಲೋ ಒಂದು ದಾರಿ ಮಾಡಿಸಿ. ಮಕ್ಕಳಿಗೆ ಒಪ್ಪಿಸಬೇಕಾದ ಕೆಲಸವಿದು. ಕಥೋಲಿಕರ ಮನೆಗಳಲ್ಲಿ ಡಿಸೆಂಬರ್ 8ರಂದು, ಮರಿಯಮ್ಮನವರ ಅಮಲೋದ್ಭವದ ಹಬ್ಬಕ್ಕೆ, ಅವರ ಚಿಕ್ಕ ಚಿತ್ರವನ್ನೂ ಒಂದು ಬಟ್ಟಲು ಬಿಳಿ ಹೂವನ್ನೂ ಇಡಬಹುದು.

ಮೂರನೆಯ ಭಾನುವಾರ ಎರಡು ನೇರಳೆಯ ಜೊತೆ ಗುಲಾಬಿಯನ್ನು ಹಚ್ಚಿ, ಫಿಲಿಪ್ಪಿ 4:4ನ್ನು ಓದಿ. ಈ ಒಂದು ದಿನ ಗುಲಾಬಿ ಹೂಗಳನ್ನೋ ಗುಲಾಬಿ ಬಣ್ಣದ ಸೇವಂತಿಗೆಯನ್ನೋ ಚಕ್ರದ ಸುತ್ತ ಧಾರಾಳವಾಗಿ ಇಡಿ. ಹಿಂದಿನ ಎರಡು ವಾರ ಚಕ್ರ ಹೂವಿಲ್ಲದೆ ಇದ್ದುದರ ಬೆಲೆ ಆಗ ತಿಳಿಯುತ್ತದೆ. ಸೋಮವಾರ ಅವನ್ನು ತೆಗೆದುಬಿಡಿ.

ನಾಲ್ಕನೆಯ ಭಾನುವಾರ ನಾಲ್ಕನ್ನೂ ಹಚ್ಚಿ, ಗಬ್ರಿಯೇಲ್ ದೂತನು ಮರಿಯಳ ಬಳಿಗೆ ಬಂದ ಪ್ರಸಂಗವಾದ ಲೂಕ 1:26–38ನ್ನು ಓದಿ. ಗೋದಲಿಯ ಖಾಲಿ ಕೊಟ್ಟಿಗೆಯನ್ನು, ದನ, ಕತ್ತೆಯ ಪ್ರತಿಮೆಗಳ ಸಹಿತ, ದಾರಿಯ ಕೊನೆಯಲ್ಲಿ ಇಡಬೇಕಾದದ್ದು ಈಗ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಕ್ರಿಸ್ತಜನನದ ದೃಶ್ಯವನ್ನು ಏರ್ಪಡಿಸಿದಾಗ ಅಲ್ಲಿದ್ದದ್ದೂ ಹುಲ್ಲು ತುಂಬಿದ ಮೇವಿನ ತೊಟ್ಟಿ, ಜೀವಂತ ಎತ್ತು, ಕತ್ತೆಗಳೇ.

ಇಲ್ಲೊಂದು ಎಚ್ಚರಿಕೆ. ಕ್ರೈಸ್ತ ಸಂಕೇತಗಳೆಲ್ಲವೂ ಎಲ್ಲ ಕಾಲಕ್ಕೂ ಹೊಂದುವುದಿಲ್ಲ. ಮುಳ್ಳಿನ ಕಿರೀಟ, ಧ್ವಜ ಹಿಡಿದ ಕುರಿಮರಿ, ತೆರೆದ ಸಮಾಧಿ, ಮೊಟ್ಟೆ ಇವು ಯೇಸುವಿನ ಶ್ರಮೆ ಮತ್ತು ಪಾಸ್ಖ (ಈಸ್ಟರ್) ಹಬ್ಬದ ಸಂಕೇತಗಳು. ಸುಂದರವಾಗಿವೆಯೆಂದು ಅವನ್ನು ಈಗಲೇ ತಂದಿಟ್ಟರೆ ಮಕ್ಕಳಿಗೆ ಕಥೆಯ ಕ್ರಮವೇ ಕಲಸಿಹೋಗುತ್ತದೆ. ಶಿಲುಬೆ ಮಾತ್ರ ಯಾವ ಕಾಲಕ್ಕೂ ಸಲ್ಲುತ್ತದೆ.

7. ಪೈರು ಬೆಳೆಸುವುದು, ಏಳು ಹೆಸರುಗಳನ್ನು ಇಡುವುದು

ಮಂಗಳೂರಿನಲ್ಲೂ ಗೋವೆಯಲ್ಲೂ ಗೋದಲಿಗೆ ಹಸಿರು ಪೈರು ಬೆಳೆಸುವ ಪದ್ಧತಿ ಹಿಂದಿನಿಂದ ಇದೆ. ಕ್ರೊಯೇಷಿಯಾ, ಹಂಗೆರಿ ದೇಶಗಳಲ್ಲಿ ಡಿಸೆಂಬರ್ 13ರ ಸಂತ ಲೂಸಿಯಾ ಹಬ್ಬದಂದು ಗೋಧಿ ಬಿತ್ತಿ ಕ್ರಿಸ್ಮಸ್‌ ಮೇಜಿಗೆ ಸಿದ್ಧಗೊಳಿಸುತ್ತಾರೆ. ಈ ದಿನಾಂಕ ನಮಗೂ ಅನುಕೂಲ. ಡಿಸೆಂಬರ್ 12ರ ರಾತ್ರಿ ರಾಗಿ, ಭತ್ತ ಅಥವಾ ಗೋಧಿಯನ್ನು ನೆನೆಹಾಕಿ. ಬೆಳಿಗ್ಗೆ ತಳದಲ್ಲಿ ತೂತು ಮಾಡಿದ ಕರಟಗಳಲ್ಲಿ ಒಂದು ಅಂಗುಲ ಮಣ್ಣು ಹಾಕಿ, ಕಾಳುಗಳನ್ನು ಒತ್ತೊತ್ತಾಗಿ ಹರಡಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಮೊಳಕೆ ಕಾಣುವವರೆಗೆ ನೆರಳಿನಲ್ಲಿಟ್ಟು, ಆಮೇಲೆ ಬೆಳಕಿಗೆ ತನ್ನಿ. ಹತ್ತು ಹನ್ನೆರಡು ದಿನಗಳಲ್ಲಿ ಬೆರಳುದ್ದದ ಪೈರು ಸಿದ್ಧವಾಗುತ್ತದೆ. ರಾಗಿ ನುಣುಪಾದ ಹುಲ್ಲುಹಾಸಿನಂತೆ ಬರುತ್ತದೆ, ಗೋಧಿ ಬೇಗ ಎತ್ತರವಾಗುತ್ತದೆ. ನೀರು ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಕೈಯಿಂದ ಚಿಮುಕಿಸಿದರೆ ಸಾಕು.

ಡಿಸೆಂಬರ್ 17ರಿಂದ 23ರವರೆಗಿನ ಏಳು ದಿನಗಳು ವಿಶೇಷ. ಪ್ರಾಚೀನ ಕಾಲದಿಂದ ಈ ಏಳು ಸಂಜೆಗಳ ಪ್ರಾರ್ಥನೆಯಲ್ಲಿ ಮರಿಯಳ ಸ್ತುತಿಗೀತೆಯ ಜೊತೆಗೆ ಕ್ರಿಸ್ತನನ್ನು ದಿನಕ್ಕೊಂದು ಹೆಸರಿನಿಂದ ಕರೆಯುತ್ತಾರೆ: ಜ್ಞಾನ, ಒಡೆಯ, ಇಷಯನ ಬೇರು, ದಾವೀದನ ಬೀಗದ ಕೈ, ಅರುಣೋದಯ, ಜನಾಂಗಗಳ ಅರಸ, ಇಮ್ಮಾನುವೇಲ. ಇವು ಮೇಜಿನ ಅಲಂಕಾರಕ್ಕೆ ಹೇಳಿ ಮಾಡಿಸಿದಂತಿವೆ, ಆದರೂ ನಮ್ಮಲ್ಲಿ ಇವನ್ನು ಬಳಸುವವರು ವಿರಳ. ದಪ್ಪ ಕಾಗದದಲ್ಲಿ ಅಂಗೈಯಗಲದ ಏಳು ವೃತ್ತಗಳನ್ನು ಕತ್ತರಿಸಿ, ಕ್ರಮವಾಗಿ ತೆರೆದ ಗ್ರಂಥ, ಉರಿಯುವ ಪೊದೆ, ಚಿಗುರಿದ ಬುಡ, ಬೀಗದ ಕೈ, ಉದಯಿಸುವ ಸೂರ್ಯ, ಕಿರೀಟ, ತೊಟ್ಟಿಲು ಬರೆಯಿಸಿ. ದಿನಕ್ಕೊಂದರಂತೆ ಕಲ್ಲಿನ ದಾರಿಯ ಮೇಲೆ ಇಡುತ್ತ ಬಂದರೆ ಏಳನೆಯದು ಕೊಟ್ಟಿಗೆಯ ಬಾಗಿಲಿಗೆ ತಲುಪುತ್ತದೆ. ಮೂರನೆಯದಕ್ಕೆ ಯೆಶಾಯ 11:1, ನಾಲ್ಕನೆಯದಕ್ಕೆ 22:22, ಏಳನೆಯದಕ್ಕೆ 7:14 ಓದಬಹುದು. ಕಾಗದದ ಬದಲು ಮನೆಯ ಹಳೆಯ ಕಬ್ಬಿಣದ ಬೀಗದ ಕೈಯನ್ನೇ ಇಟ್ಟರೆ ಇನ್ನೂ ಒಳ್ಳೆಯದು.

8. ಡಿಸೆಂಬರ್ 24ರ ರಾತ್ರಿ

ಸಂಜೆ ನೇರಳೆ ಬಟ್ಟೆ ತೆಗೆದು ಬಿಳಿಯದನ್ನು ಹಾಸಿ. ಚಕ್ರದ ಸೊಪ್ಪನ್ನು ಪೂರ್ತಿ ಬದಲಿಸಿ, ಈಗ ಮಲ್ಲಿಗೆ, ಸೇವಂತಿಗೆ ಏನು ಬೇಕಾದರೂ ಇಡಿ. ಪೈರಿನ ಕರಟಗಳು ಗೋದಲಿಯ ಇಕ್ಕೆಲಗಳಲ್ಲಿ ಬರಲಿ. ರಾತ್ರಿಯ ಪೂಜೆ ಅಥವಾ ಆರಾಧನೆಯಿಂದ ಮರಳಿದ ಮೇಲೆ ಮನೆಯ ಕಿರಿಯ ಮಗುವಿನ ಕೈಯಿಂದ ಬಾಲಯೇಸುವಿನ ಪ್ರತಿಮೆಯನ್ನು ಕೊಟ್ಟಿಗೆಯಲ್ಲಿ ಇಡಿಸಿ, ನಡುವಿನ ಬಿಳಿ ಮೇಣದಬತ್ತಿಯನ್ನು ಹಚ್ಚಿ, ಲೂಕ 2:1–14ನ್ನು ಓದಿ. ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆ ಮೇಜಿಗೆ ಬರುವುದು ಇದಾದ ಮೇಲೆ.

ಮೂವರು ಜ್ಞಾನಿಗಳನ್ನು ಅದೇ ರಾತ್ರಿ ಕೊಟ್ಟಿಗೆಯೊಳಗೆ ನಿಲ್ಲಿಸುವುದು ಸಾಮಾನ್ಯ ತಪ್ಪು. ಅವರು ದೂರದಿಂದ ಬರುವವರು. ಮೇಜಿನ ಇನ್ನೊಂದು ತುದಿಯಲ್ಲೋ ಪಕ್ಕದ ಕಪಾಟಿನ ಮೇಲೋ ಅವರನ್ನು ನಿಲ್ಲಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದಕ್ಕೆ ಸರಿಸುತ್ತ ಜ್ಞಾನಿಗಳ ಭೇಟಿಯ ಹಬ್ಬವಾದ ಜನವರಿ 6ಕ್ಕೆ, ಅಥವಾ ನಿಮ್ಮ ಚರ್ಚಿನಲ್ಲಿ ಆ ಹಬ್ಬ ಆಚರಿಸುವ ಭಾನುವಾರಕ್ಕೆ, ತಲುಪಿಸಿ.

9. ತೆಗೆದಿಡುವುದು

ಡಿಸೆಂಬರ್ 26ಕ್ಕೇ ಎಲ್ಲವನ್ನೂ ತೆಗೆಯುವ ಅವಸರ ಬೇಡ. ಕಥೋಲಿಕರಿಗೆ ಕ್ರಿಸ್ಮಸ್ ಕಾಲ ಜನವರಿಯಲ್ಲಿ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ಇರುತ್ತದೆ. ಆಶೀರ್ವದಿಸಿದ ಚಕ್ರದ ಸೊಪ್ಪನ್ನು ಕಸದ ಬುಟ್ಟಿಗೆ ಹಾಕದೆ ಗಿಡದ ಬುಡದಲ್ಲಿ ಹೂಳಿ. ಗೋಧಿ, ಭತ್ತದ ಪೈರನ್ನು ಕುಂಡಕ್ಕೆ ಇಳಿಸಿದರೆ ಮುಂದೆ ತೆನೆ ಬಿಡಲೂಬಹುದು.

ಬಟ್ಟೆಗೆ ಮೇಣ ಬಿದ್ದಿದ್ದರೆ ಉಗುರಿನಿಂದ ಕೆರೆಯಬೇಡಿ. ಐಸ್ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಣದ ಮೇಲಿಟ್ಟು, ಅದು ಗಟ್ಟಿಯಾದಾಗ ಮುರಿದು ತೆಗೆಯಿರಿ. ಉಳಿದ ಕಲೆಯ ಮೇಲೂ ಕೆಳಗೂ ಕಂದು ಕಾಗದವಿಟ್ಟು ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡಿದರೆ ಕಾಗದ ಮೇಣವನ್ನು ಹೀರಿಕೊಳ್ಳುತ್ತದೆ. ಪತ್ರಿಕೆಯ ಹಾಳೆ ಬಳಸಿದರೆ ಶಾಯಿ ಬಟ್ಟೆಗೆ ಇಳಿಯುತ್ತದೆ. ತಟ್ಟೆಯ ಮರಳನ್ನು ಬಿಸಿಲಿನಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡಿ. ನೇರಳೆ ಬಟ್ಟೆಯನ್ನು ಒಗೆದು, ಬೀರುವಿನಲ್ಲಿ ಕೈಗೆ ಸಿಗುವ ಕಡೆ ಇಡಿ. ತಪಸ್ಸು ಕಾಲ ಆರಂಭವಾಗುವ ಬೂದಿ ಬುಧವಾರಕ್ಕೆ ಅದು ಮತ್ತೆ ಬೇಕಾಗುತ್ತದೆ.